ಸವರಿದ ಗುಡ್ಡ

"ಇನ್ನೊಂದ್ಸಲ ನೋಡೇ," ಎಂದು ಅತ್ತಿಗೆ ಪರದೆಯ ಮೇಲೆ ಬೆರಳಿಟ್ಟಳು. "ನೀರು ಹೀಗೇ ಹೋಗುತ್ತೆ ಅಂತ ನೀನೇ ತಾನೆ ಹೇಳಿದ್ದು? ಅಲ್ಲೆಲ್ಲ ಜಾಲಾಡಿದ್ರಂತೆ. ನಿಮ್ಮಣ್ಣ ಅಲ್ಲಿಲ್ಲ."

ಸಮುದ್ರದ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೇ ನಾದಿನಿಯ ಕೆಲಸ. ಮೀನಿಗೆ ಹೋದ ಅಣ್ಣ ಮೊನ್ನೆ ರೇಡಿಯೊದಲ್ಲಿ, "ನೀರಡಿ ಮುಳುಗಿದ ಗುಡ್ಡ ಇದೆಯಲ್ಲ, ಅದರ ನೇರ ಮೇಲಿದ್ದೀನಿ, ಎಂಜಿನ್ ಕೆಟ್ಟಿದೆ," ಎಂದಿದ್ದ. ಆಮೇಲೆ ಅವನ ಸುದ್ದಿಯೇ ಇರಲಿಲ್ಲ. ಗಾಳಿಯಿಲ್ಲದ ದಿನ, ದೋಣಿ ನೀರು ಹೋದ ಕಡೆಗೇ ಹೋಗಬೇಕು. ಪೂರ್ವಕ್ಕೆ ಎಂದು ಇವಳ ನಕ್ಷೆ ಹೇಳಿತು. ರಕ್ಷಣಾ ದೋಣಿಗಳವರು ಅದನ್ನೇ ವೇದವಾಕ್ಯವೆಂದು ನಂಬಿದರು.

ನಾದಿನಿ ನಕ್ಷೆಯನ್ನು ಹಿಗ್ಗಿಸಿದಳು. ಗುಡ್ಡ ಇರಬೇಕಾದಲ್ಲಿ ಸಣ್ಣದೊಂದು ಉಬ್ಬು ಮಾತ್ರ ಇತ್ತು. ಗುಡ್ಡ ತೀರ ಕಡಿದಾಗಿದ್ದರೆ ಲೆಕ್ಕ ಕೈಕೊಡುತ್ತದೆ. ಅದಕ್ಕೇ ಈ ಕಸುಬಿನವರು ಅದರ ನೆತ್ತಿಯನ್ನು ಒಂದಿಷ್ಟು ಸವರಿಬಿಡುತ್ತಾರೆ. ಹಿಂದೆ ಯಾವುದೋ ಅವಸರದಲ್ಲಿ ಇವಳೂ ಸವರಿದ್ದಳು, ಮರೆತೂ ಬಿಟ್ಟಿದ್ದಳು. ಭೂಮಿ ತಿರುಗುತ್ತಿರುವುದರಿಂದ ಅಂಥ ಎತ್ತರದ ಗುಡ್ಡದ ಮೇಲಿನ ನೀರು ಮುಂದೆ ಸಾಗುವುದಿಲ್ಲ. ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತುತ್ತದೆ. ಇದನ್ನು ಅವಳು ಎಷ್ಟು ಜನಕ್ಕೆ ಪಾಠ ಮಾಡಿದ್ದಳೋ.

"ಅಣ್ಣ ಎಲ್ಲೂ ಹೋಗಿಲ್ಲ ಅತ್ತಿಗೆ. ಅಲ್ಲೇ ಇದ್ದಾನೆ," ಎನ್ನುತ್ತಲೇ ರಕ್ಷಣಾ ಅಧಿಕಾರಿಗೆ ಫೋನ್ ಮಾಡಿದಳು. "ನಾನು ತಪ್ಪು ಹೇಳಿದ್ದೆ ಸಾರ್. ಪೂರ್ವಕ್ಕಲ್ಲ. ಗುಡ್ಡದ ಮೇಲೇ ಹುಡುಕಬೇಕು."

"ಬೆಳಿಗ್ಗೆಯಿಂದ ಗಾಳಿ ಎದ್ದಿದೆ ಮೇಡಂ. ಎಲ್ಲ ದೋಣಿಗಳನ್ನೂ ವಾಪಸ್ ಕರೆಸಿದ್ದೀವಿ. ಅದು ಇಳಿಯೋವರೆಗೂ ಯಾರನ್ನೂ ಕಳಿಸೋ ಹಾಗಿಲ್ಲ." ಆತ ದನಿ ತಗ್ಗಿಸಿದ. "ಮೊದಲು ಅಲ್ಲಿಗೇ ಹೊರಟಿದ್ವಿ. ನಿಮ್ಮ ನಕ್ಷೆ ಬಂದ ಮೇಲೆ ಪೂರ್ವಕ್ಕೆ ತಿರುಗಿಸಿದ್ವಿ."

"ಏನಂದ್ರು?" ಎಂದಳು ಅತ್ತಿಗೆ.

"ಗಾಳಿ ಇಳೀಲಿ ಅಂದ್ರು."

ಇನ್ನೇನು ಮಾಡಬೇಕೆಂದು ನಾದಿನಿಗೆ ತೋಚಲಿಲ್ಲ. ಗೊತ್ತಿದ್ದುದು ಒಂದೇ ಕೆಲಸ. ಗುಡ್ಡವನ್ನು ಇದ್ದ ಎತ್ತರಕ್ಕೆ ಏರಿಸಿ ಲೆಕ್ಕವನ್ನು ಮತ್ತೆ ಓಡಿಸಿದಳು. ಹಾಳಾದ್ದು, ಈ ಸಲ ಕೈಕೊಡಲೇ ಇಲ್ಲ. ಪರದೆಯ ಮೇಲೆ ದೋಣಿಯ ಚುಕ್ಕೆ ಗುಡ್ಡವನ್ನು ಬಿಟ್ಟು ಕದಲದೆ ನಿಧಾನವಾಗಿ ಸುತ್ತತೊಡಗಿತು.

ಅತ್ತಿಗೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಇದೇನಾ ಅವರು?"

"ಹೂಂ."

ಅತ್ತಿಗೆಯ ಬೆರಳು ಚುಕ್ಕೆಯ ಜೊತೆ ಸುತ್ತುತ್ತಿತ್ತು. ಕಿಟಕಿಯ ಬಾಗಿಲು ಪಟಪಟ ಬಡಿದುಕೊಂಡಿತು. ನಾದಿನಿ ಎದ್ದು ಹೋಗಿ ಚಿಲಕ ಹಾಕಿ ಬಂದಳು. ಗಾಳಿಯನ್ನು ಲೆಕ್ಕಕ್ಕೆ ಸೇರಿಸಿದರೆ ಚುಕ್ಕೆ ಗುಡ್ಡದ ಮೇಲೆ ನಿಲ್ಲುತ್ತಿರಲಿಲ್ಲ. ಅವಳು ಸೇರಿಸಲಿಲ್ಲ.