ಮೊದಲು ಹತ್ತಿಸಿದ ಡಬ್ಬ

ಮಗಳ ಸಂಸಾರ ದೇಶದ ಆ ತುದಿಗೆ ಹೊರಟಾಗ ಸಾಮಾನು ಹತ್ತಿಸಿದವನು ಅಜ್ಜ. ಆಯುಷ್ಯವೆಲ್ಲ ಲಾರಿಗೆ ಮೂಟೆ ಹೊತ್ತವನು. ಮೊಮ್ಮಗಳ ಹಾಲಿನಪುಡಿಯ ಡಬ್ಬ ಜಜ್ಜಿಹೋಗಬಾರದೆಂದು ಅದನ್ನು ಎಲ್ಲಕ್ಕಿಂತ ಮೊದಲು ಒಳಮೂಲೆಗೆ ಸೇರಿಸಿದ.

"ಅದು ಕೈಯಲ್ಲೇ ಇರ್ಲಿ ಅಂದ್ರೆ ಕೇಳಲ್ವಲ್ಲ ನೀವು," ಎಂದಳು ಅಜ್ಜಿ.

"ಹುಟ್ಟಾ ಹಮಾಲನಿಗೇ ಮೂಟೆ ಹೊರೋದು ಕಲಿಸ್ತೀಯೇನೇ?"

ಅಜ್ಜ ಅಜ್ಜಿಯೂ ಜೊತೆಗೇ ಹೋದರು. ಹೊಸ ಮನೆಯ ಮುಂದೆ, ದಾರಿಗೆಂದು ತಂದ ಹಾಲು ಮುಗಿದು ಕೂಸು ಚೀರುತ್ತಿತ್ತು. ಮೊದಲು ಹತ್ತಿಸಿದ್ದು ಕೊನೆಗೇ ಇಳಿಯುವುದು. ಬೀರು ಇಳಿಯಿತು, ಮಂಚ ಇಳಿಯಿತು.

"ಅಪ್ಪಾ, ಡಬ್ಬ ಎಲ್ಲಿ?" ಎಂದಳು ಮಗಳು.

ಅಜ್ಜ ಇನ್ನೂ ತುಂಬಿದ್ದ ಲಾರಿಯತ್ತ ಬೆರಳು ತೋರಿಸಿದ.

ಅಜ್ಜಿ ಬೈದಿದ್ದರೆ ಅವನ ಎದೆ ಹಗುರಾಗುತ್ತಿತ್ತು. ಅವಳು ಲೋಟ ಹಿಡಿದು, ಗುರುತು ಪರಿಚಯವಿಲ್ಲದ ಪಕ್ಕದ ಮನೆಯ ಬಾಗಿಲು ತಟ್ಟಿದಳು. ಅಜ್ಜ ಬೀರುವಿನ ಹಿಂದೆ ಸರಿದು ನಿಂತ.