ಚೆಂಡು ತಂದವರದೇ ಒದೆ

ನಮ್ಮ ಕಾಲೊನಿಯಲ್ಲಿ ಒಣಹಾಕಿದ ಅಂಗಿಗಳನ್ನು ನೋಡಿಯೇ ಆ ದಿನ ಗೋಲಿಗೆ ಒದ್ದವರು ಯಾರೆಂದು ಹೇಳಬಹುದಿತ್ತು. ಹೊಟ್ಟೆಯ ಮೇಲೆ ದುಂಡನೆಯ ಕಪ್ಪು ಕಲೆಯಿದ್ದರೆ, ಆ ಅಂಗಿಯವನು ಮೋರಿಯಿಂದ ಚೆಂಡು ತಂದಿದ್ದಾನೆ, ಅಂಗಿಗೆ ಒರೆಸಿದ್ದಾನೆ, ಒದ್ದಿದ್ದಾನೆ ಎಂದರ್ಥ. ಅವ್ವ ಎಷ್ಟು ಉಜ್ಜಿದರೂ ಆ ಕಲೆ ಹೋಗುತ್ತಿರಲಿಲ್ಲ.

ಮೈದಾನದ ಪಕ್ಕದಲ್ಲೇ ಊರಿನ ದೊಡ್ಡ ಮೋರಿ. ಚೆಂಡು ಅದರಲ್ಲಿ ಬಿದ್ದರೆ ಮೇಲಿನ ಬೀದಿಯ ಹುಡುಗರು ಮೂಗು ಹಿಡಿದುಕೊಂಡು ನಮ್ಮತ್ತ ನೋಡುತ್ತಿದ್ದರು. ಊರು ಗುಡಿಸುವವರ ಮಕ್ಕಳಲ್ಲವೇ ನಾವು! ತಂಡದಲ್ಲಿ ಜಾಗವಿಲ್ಲ, ಮೋರಿಯಲ್ಲಿ ಬೇಕಾದಷ್ಟಿದೆ. ಒಂದು ದಿನ ಚೆಂಡನ್ನು ಕಂಕುಳಲ್ಲಿ ಒತ್ತೆಯಿಟ್ಟುಕೊಂಡು ನಿಂತು, ಗುದ್ದಾಡಿ, ಒಂದು ಕಾನೂನು ಗೆದ್ದುಕೊಂಡೆವು: ಚೆಂಡು ತಂದವರದೇ ಒದೆ. ತಂದವನು ಯಾರೇ ಆಗಲಿ, ಗೋಲಿನೆದುರು ಇಟ್ಟು ಒದೆಯುವ ಹಕ್ಕು ಅವನದು. ಆ ಬಿಡಿ ಬಿಡಿ ಒದೆಗಳಿಂದಲೇ ನಾನು ಆಟಗಾರನಾದೆ.

ಆಮೇಲೆ ಟೇಕ್‌ರಾಜ್ ಬಂದ. ಗೋದಾಮು ಕಾಯುವ ನೇಪಾಳಿಯ ಮಗ. ನಮ್ಮ ಬಾಯಲ್ಲಿ ಟೇಕು. ಅವನನ್ನೂ ತಂಡಕ್ಕೆ ಸೇರಿಸಿಕೊಳ್ಳುವವರಿರಲಿಲ್ಲ. ಕಾನೂನು ಕಿವಿಗೆ ಬಿದ್ದದ್ದೇ ತಡ, ಚೆಂಡು ನೀರು ಮುಟ್ಟುವ ಮೊದಲೇ ಅವನು ಮೋರಿಯಲ್ಲಿರುತ್ತಿದ್ದ. ಒದ್ದರೆ ಗೋಲ್‌ಕೀಪರನ ಕೈಗೆ ಗಾಳಿಯಷ್ಟೇ ಸಿಗುತ್ತಿತ್ತು. ನನ್ನ ಹೊಟ್ಟೆ ಉರಿಯುತ್ತಿತ್ತು. ಬಾವಿ ನಮ್ಮದಲ್ಲ, ಬೀದಿ ನಮ್ಮದಲ್ಲ. ಇದ್ದದ್ದೊಂದು ಮೋರಿ, ಅದಕ್ಕೂ ಪಾಲುದಾರ ಬಂದನೇ?

“ಯಾಕೋ ಟೇಕು, ನಿಮ್ಮೂರಲ್ಲಿ ಮೋರಿ ಇಲ್ವೇನೋ?”

“ಐತಂತೆ ಕಣೋ. ನಿಮ್ದೇ ವಾಸಿ,” ಎಂದು ಹಲ್ಲು ಕಿರಿಯುತ್ತಿದ್ದ.

ಜಿಲ್ಲಾ ತಂಡದ ಕೋಚ್ ಬರುವ ಸುದ್ದಿ ಬಂತು. ಮುಂದೆ ನಿಂತು ಗೋಲು ಹೊಡೆಯುವವನೊಬ್ಬ ಬೇಕಿತ್ತು ಅವರಿಗೆ. ಒಂದೇ ಜಾಗ. ಮೇಲಿನ ಬೀದಿಯ ನಾಗಭೂಷಣ, ನಮ್ಮ ಕ್ಯಾಪ್ಟನ್, ಹಿಂದಿನ ಸಂಜೆ ನನ್ನನ್ನು ಕರೆದು ಹೇಳಿದ: “ಲೋ, ನಾಳೆ ತಂಡದಲ್ಲಿ ನೀನೂ ಆಡ್ತೀಯ. ತೊಳೆದ ಅಂಗಿ ಹಾಕ್ಕೊಂಡ್ ಬಾ. ಮೋರಿ ಹತ್ರ ಸುಳೀಬೇಡ. ಊರ ಮಾನ ಹೋಗುತ್ತೆ.”

ಅವ್ವ ನೀಲಿಯಲ್ಲಿ ಅದ್ದಿದ ಬಿಳಿ ಅಂಗಿ ತೊಡಿಸಿದಳು. ಆಟ ಸಮಸಮವಾಗಿ ಮುಗಿಯುತ್ತ ಬಂದಾಗ ಚೆಂಡು ಮೋರಿಗೆ ಬಿತ್ತು. ಕಪ್ಪು ನೀರಿನಲ್ಲಿ ಸುತ್ತತೊಡಗಿತು. ದಡದಲ್ಲಿ ನಾನು ಮತ್ತು ಟೇಕು. ಅವನು ನನ್ನನ್ನು ನೋಡಿದ. ನಾನು ಅಂಗಿಯನ್ನು ನೋಡಿಕೊಂಡೆ. ಅವನು ಇಳಿದ, ತಂದ, ಒರೆಸಿದ, ಒದ್ದ. ಬಲೆ ಹರಿಯಿತು. ಕೋಚ್ ಎದ್ದು ನಿಂತರು.

ನನ್ನ ಅಂಗಿ ಅಂದು ಬೆಳ್ಳಗೇ ಮನೆಗೆ ಬಂತು.

ಟೇಕುವನ್ನು ಆರಿಸಿಕೊಂಡ ಜಿಲ್ಲೆಯವರೇ ಕೊನೆಗೆ ‘ಹೊರದೇಶದವನು’ ಎಂದು ಅವನನ್ನು ದೂಡಿದರು. ಅವನ ಅಪ್ಪ ಅವನನ್ನು ನೇಪಾಳಕ್ಕೆ, ಚಿಕ್ಕಪ್ಪನ ಮನೆಗೆ ಕಳಿಸಿದ. ಅಲ್ಲಿ ಪೊಲೀಸ್ ತಂಡ ಸೇರಿದ. ಆಮೇಲೆ ಆ ದೇಶದ ಕೆಂಪು ಜೆರ್ಸಿ, ಬೆನ್ನ ಮೇಲೆ ಒಂಬತ್ತು. ಅವನು ಗೋಲು ಹೊಡೆದಾಗಲೆಲ್ಲ ಚಹಾ ಅಂಗಡಿಯ ಬಾಬಾಜಾನ್ ಟಿವಿ ಜೋರು ಮಾಡಿ ನನ್ನನ್ನು ಕೆಣಕುತ್ತಿದ್ದ: “ಏನ್ರೀ ಕಾಮ್ರೇಡ್, ಚಹಾಕ್ಕೆ ಉಪ್ಪು ಬಿತ್ತಾ?” ಬಿದ್ದಿತ್ತು. ಪೌರಕಾರ್ಮಿಕರ ಸಂಘ ಕಟ್ಟಿ, ಯಾವ ಮನುಷ್ಯನೂ ಮೋರಿಗೆ ಇಳಿಯಕೂಡದೆಂದು ಬೀದಿ ಬೀದಿಯಲ್ಲಿ ಕೂಗುತ್ತಿದ್ದ ನನಗೆ, ಇಳಿಯದ ಆ ಒಂದು ಮೋರಿ ಕನಸಿನಲ್ಲಿ ಬರುತ್ತಿತ್ತು.

ಮಂಡಿ ಮುರಿದು ಟೇಕು ಆಟ ಬಿಟ್ಟ ಮೇಲೆ ಊರು ಅವನನ್ನು ಸನ್ಮಾನಿಸಲು ಅದೇ ಮೈದಾನಕ್ಕೆ ಕರೆಯಿತು. ಕೌನ್ಸಿಲರ್ ಆಗಿದ್ದ ನಾಗಭೂಷಣ “ನಾವೇ ಸಾಕಿ ಬೆಳೆಸಿದ ಹುಡುಗ” ಎಂದು ಮೈಕಿನಲ್ಲಿ ಗದ್ಗದಿತನಾದ. ಉದ್ಘಾಟನೆಗೆಂದು ಚೆಂಡನ್ನು ತಾನೇ ಟೇಕುವಿನತ್ತ ತಳ್ಳಿದ. ಸೊಟ್ಟ ಕಾಲು, ಚೆಂಡು ಉರುಳಿ ನೇರ ಮೋರಿಗೆ ಬಿತ್ತು.

“ಲೇ, ಯಾರಾದ್ರೂ ಇಳೀರೋ!” ನಾಗಭೂಷಣ ನಮ್ಮ ಪೊರಕೆಯವರತ್ತ ಬೆರಳು ತೋರಿದ. ಒಬ್ಬರೂ ಕದಲಲಿಲ್ಲ. ನನ್ನೆದೆ ಉಬ್ಬಿತು. ಇಷ್ಟು ವರ್ಷ ಕೂಗಿದ್ದು ಇದಕ್ಕೇ.

ಅಷ್ಟರಲ್ಲಿ ಟೇಕು ಕುಂಟುತ್ತ ದಡಕ್ಕೆ ಹೋಗಿ ಪ್ಯಾಂಟು ಮಡಚತೊಡಗಿದ.

ಮತ್ತೆ ಅವನೇ? ನನಗೆ ಬೇರೇನೂ ಕಾಣಿಸಲಿಲ್ಲ. ಯಾರ ಅಪ್ಪಣೆಗೂ ಅಲ್ಲ, ಬರೀ ಹೊಟ್ಟೆಕಿಚ್ಚಿಗೆ ನಾನು ಧುಮುಕಿದೆ. ಮೊಣಕಾಲವರೆಗಿನ ಕಪ್ಪು ನೀರಿನಿಂದ ಚೆಂಡು ಹಿಡಿದು ಮೇಲೆ ಬಂದಾಗ ನಾಗಭೂಷಣ ಕರವಸ್ತ್ರ ಸುತ್ತಿದ ಕೈ ಚಾಚಿದ: “ಕೊಡಯ್ಯ, ಅತಿಥಿಗಳು ಒದೀಬೇಕು.”

“ತಂದವರದೇ ಒದೆ,” ಎಂದ ಟೇಕು. “ನಿಮ್ಮೂರ ಕಾನೂನು, ನಿಮಗೇ ಮರ್ತೋಯ್ತಾ ಸಾರ್?” ಆಮೇಲೆ ನನ್ನ ಕಿವಿಯ ಬಳಿ ಬಗ್ಗಿದ: “ಅವತ್ತು ನಿನ್ನ ದಾರಿ ಕಾದೆ ಕಣೋ. ನೀನು ಅಂಗಿ ನೋಡ್ಕೊಂಡೆ.”

ಕುಂಟುತ್ತ ಹೋಗಿ ಗೋಲಿನಲ್ಲಿ ನಿಂತ. ನಾನು ಚೆಂಡನ್ನು ಹೊಟ್ಟೆಗೆ ಒರೆಸಿಕೊಂಡು, ಇಟ್ಟು, ಒದ್ದೆ. ಅವನು ದಾಕ್ಷಿಣ್ಯ ತೋರಲಿಲ್ಲ. ಮುರಿದ ಮಂಡಿಯನ್ನು ಮರೆತು ಪೂರ್ತಿ ಮೈಚಾಚಿ ಹಾರಿದ. ಚೆಂಡು ಅವನ ಬೆರಳ ತುದಿ ಸವರಿಕೊಂಡು ಒಳಗೆ ಹೋಯಿತು.

ಮರುದಿನ ಹೆಂಡತಿ ಬಿಳಿ ಅಂಗಿ ಹಿಡಿದು ಗೊಣಗಿದಳು: “ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ, ಇದೆಂಥಾ ಕಲೆ ಮಾಡ್ಕೊಂಡ್ ಬಂದ್ರಿ?”

“ಬಿಡು, ಉಜ್ಜಬೇಡ,” ಎಂದೆ.

ಅವಳು ಅದನ್ನು ಹಾಗೆಯೇ ಹಗ್ಗಕ್ಕೆ ಹಾಕಿದಳು. ಗಾಳಿ ಹೊಕ್ಕು ಅಂಗಿಯ ಹೊಟ್ಟೆ ಉಬ್ಬಿತು. ಅದರ ಮೇಲೆ ದುಂಡನೆಯ ಕಪ್ಪು ಕಲೆ, ಬೀದಿಗೆಲ್ಲ ಕಾಣುವಂತೆ.