ಚೀನಾದ ನದಿಗೆ ಬಿದ್ದದ್ದು

ಗುರುಸಿದ್ದವ್ವನದು ಒಂದು ನೇಮ. ಮನೆಯ ಹಿರಿಯ ಮಗನ ಲಿಂಗಪೂಜೆ ಮುಗಿಯದೆ ಅವಳು ತುತ್ತು ಎತ್ತುವವಳಲ್ಲ. ಗಂಡ ತೀರಿದ ವರ್ಷ ಹಿಡಿದದ್ದು, ಎಂಬತ್ತೆರಡು ತುಂಬಿದರೂ ಬಿಟ್ಟಿಲ್ಲ. ದಿನಾ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು, "ಪೂಜಿ ಆತೇನಪಾ?" ಎಂದು ಕೇಳುತ್ತಾಳೆ. "ಆತಬೇ" ಎಂದು ಮಹಾದೇವ ಹೇಳಿದ ಮೇಲೆಯೇ ಸೊಸೆ ಸುನಿತಾ ತಾಟು ಇಡುವುದು.

ಇಪ್ಪತ್ಮೂರು ದಿನಗಳಿಂದ ಮಹಾದೇವ ಹೇಳುತ್ತಿದ್ದದ್ದು ಸುಳ್ಳು.

ಬೆಟಗೇರಿಯಲ್ಲಿ ಅವನದು ಶೇಂಗಾ ವ್ಯಾಪಾರ. ಶೇಂಗಾ ಸುಲಿಯುವ ಹೊಸ ಯಂತ್ರ ನೋಡಿ ಬರೋಣವೆಂದು ಪೇಟೆಯ ನಾಲ್ಕು ಜನ ಸೇರಿ ಚೀನಾಕ್ಕೆ ಹೋಗಿದ್ದರು. ಯಂತ್ರ ನೋಡಿದ್ದು ಎರಡೇ ದಿನ. ಆಮೇಲೆ ಯಾಂಗ್ಟ್ಸೆ ನದಿಯ ಮೇಲೆ ನಾಲ್ಕು ದಿನದ ಹಡಗಿನ ಪ್ರಯಾಣ. ಅದಕ್ಕೆ ಹಟ ಹಿಡಿದವನು ಮಹಾದೇವನೇ. ಫೋಟೋದ ಹುಚ್ಚು ಅವನಿಗೆ ಹಳೆಯದು. ಚಳಿಗಾಲ ಬಂತೆಂದರೆ ಮಾಗಡಿ ಕೆರೆಯ ದಂಡೆಯಲ್ಲಿ ಹೊಟ್ಟೆಯ ಮೇಲೆ ಮಲಗಿ ಹೊರನಾಡಿನ ಹಕ್ಕಿಗಳಿಗಾಗಿ ಕಾಯುವ ಮನುಷ್ಯ.

ಮೂರನೆಯ ದಿನ ಹಡಗು ಕಣಿವೆಯನ್ನು ಹೊಕ್ಕಿತು. ಎರಡೂ ಕಡೆ ಕಲ್ಲಿನ ಗೋಡೆ ಎದ್ದು ನಿಂತಂತೆ ಬೆಟ್ಟ, ನಡುವೆ ಹರಿದ ಪಂಚೆಯಂಥ ಮಂಜು. ಕೆಳಗೆ ಸಣ್ಣ ದೋಣಿಯಲ್ಲಿ ಒಬ್ಬ ಮುದುಕ ಕಿತ್ತಳೆಹಣ್ಣು ಒಟ್ಟಿಕೊಂಡು ಹೊರಟಿದ್ದ. ಅವನನ್ನು ಫೋಟೋದಲ್ಲಿ ಹಿಡಿಯಲೆಂದು ಮಹಾದೇವ ಕಟಕಟೆಯ ಆಚೆಗೆ ಬಾಗಿದ. ಕ್ಯಾಮರಾದ ಪಟ್ಟಿ ಕೊರಳಲ್ಲಿದ್ದ ಶಿವದಾರಕ್ಕೆ ತೊಡರಿಕೊಂಡಿತ್ತು. ಕೊರಳಿನಿಂದ ಪಟ್ಟಿ ತೆಗೆದು ಜಗ್ಗಿದ. ದಾರ ಹರಿಯಿತು. ಕ್ಯಾಮರಾ ಕೈಯಿಂದ ಜಾರಿತು. ಬಿಳಿ ಅರಿವೆಯಲ್ಲಿ ಸುತ್ತಿದ್ದ ಇಷ್ಟಲಿಂಗವೂ ಜಾರಿತು. ಒಂದು ಕೈ ಕಟಕಟೆ ಹಿಡಿದಿತ್ತು, ಹಿಡಿಯಲು ಇದ್ದದ್ದು ಇನ್ನೊಂದೇ ಕೈ. ಆ ಕೈ ಕ್ಯಾಮರಾ ಹಿಡಿಯಿತು.

ಹಿಡಿಯುವಾಗ ಬೆರಳು ಗುಂಡಿಯ ಮೇಲೆ ಬಿದ್ದು ಒಂದು ಫೋಟೋ ಕೂಡ ಆಯಿತು. ಸೊಟ್ಟ ಕಟಕಟೆ, ಕೆಸರು ಬಣ್ಣದ ನೀರು, ನಡುವೆ ಒಂದು ಬಿಳಿ ಚುಕ್ಕೆ.

ಲಿಂಗ ಬಿತ್ತೆಂದು ತಾಯಿಗೆ ಹೇಳಬಹುದಿತ್ತು. ಕೈ ಯಾವ ಕಡೆ ಹೋಯಿತೆಂದು ಹೇಳುವುದು ಹೇಗೆ? ಅಂದೇ ಒಂದು ಇಡಿ ಅಡಿಕೆಯನ್ನು ಕರವಸ್ತ್ರದ ತುಂಡಿನಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡ. ಅಲ್ಲಿದ್ದಷ್ಟು ದಿನ ಫೋನಿನಲ್ಲಿ "ಆತಬೇ" ಎಂದ. ಊರಿಗೆ ಬಂದ ಮೇಲೆ ದೇವರಮನೆಯ ಪರದೆ ಎಳೆದು, ಎಡಗೈಯಲ್ಲಿ ಅಡಿಕೆ ಇಟ್ಟುಕೊಂಡು ಕಾಲು ತಾಸು ಕೂತು, ಎದ್ದು ಬಂದು ಅದೇ ಮಾತು ಹೇಳಿದ.

ಇಪ್ಪತ್ಮೂರನೆಯ ದಿನ, ರವಿವಾರ, ಚೀನಾಕ್ಕೆ ಜೊತೆಗೆ ಹೋಗಿದ್ದ ಚನ್ನಬಸವಣ್ಣ ಫೋಟೋ ನೋಡಲು ಬಂದ. ಟಿವಿಯ ಮುಂದೆ ಗುರುಸಿದ್ದವ್ವನಿಗೆ ಕುರ್ಚಿ ಹಾಕಿದರು. ಆ ಒಂದು ಫೋಟೋವನ್ನು ಮಹಾದೇವ ಅಳಿಸಿರಲಿಲ್ಲ. ಅಳಿಸಿದರೆ ಈ ಸಲ ಕೈಯಾರೆ ನೀರಿಗೆ ಹಾಕಿದಂತೆ ಎಂದು ಬೆರಳು ಏಳಲಿಲ್ಲ. ರಿಮೋಟು ತನ್ನ ಕೈಯಲ್ಲೇ ಇರುತ್ತದೆ, ಅದು ಬಂದಾಗ ಎರಡು ಸಲ ಒತ್ತಿದರಾಯಿತು ಎಂದುಕೊಂಡಿದ್ದ. ಚನ್ನಬಸವಣ್ಣ ಬಂದವನೇ ರಿಮೋಟು ಕಸಿದುಕೊಂಡ.

"ಅವ್ವಾರ, ನಿಮ್ಮ ಮಗಾ ಹಡಗದಾಗ ಊಟಾ ಬಿಟ್ಟು ಫೋಟೋ ಹೊಡಕೊಂತ ನಿಂತಿದ್ದ. ಅವನ ಪಾಲಿಂದೂ ನಾನ ಉಂಡೆ."

"ಚೀನಾದಾಗ ನೀ ಏನ್ ಉಂಡಿ ಅಂತ ನನ್ನ ಮುಂದ ಹೇಳಬ್ಯಾಡಪಾ."

"ಬರೇ ಅನ್ನಾ, ಮನಿಂದ ಒಯ್ದ ಶೇಂಗಾ ಚಟ್ನಿ. ನಿಮ್ಮಾಣಿ ರೀ."

"ನನ್ನ ಆಣಿ ಯಾಕ? ನಿಮ್ಮವ್ವನ ಆಣಿ ಮಾಡು."

ಒಂದೊಂದೇ ಫೋಟೋ ಸರಿಯಿತು. ಬೆಟ್ಟಕ್ಕೆ ಏಣಿ ಇಟ್ಟಂಥ ಮೆಟ್ಟಿಲುಗಳ ಊರು. ಕಲ್ಲಿದ್ದಲು ಹೊತ್ತ ಉದ್ದನೆಯ ದೋಣಿಗಳು. ನದಿಯ ಮೆಟ್ಟಿಲ ಮೇಲೆ ಅರಿವೆ ಕುಟ್ಟುತ್ತಿದ್ದ ಹೆಂಗಸು.

"ಅಲ್ಲೂ ಕುಟ್ಟೇ ಒಗಿತಾರ ನೋಡ. ಹೊಳಿ ಎಷ್ಟ ಅಗಲ ಐತೋ ಯಪ್ಪಾ."

"ನಮ್ಮ ತುಂಗಭದ್ರಾ ಹತ್ತ ಕೂಡಿಸಿದ್ರೂ ಸಾಲಂಗಿಲ್ರಿ ಅವ್ವಾರ."

ಕಣಿವೆ ಬಂತು. ಕಿತ್ತಳೆಯ ಮುದುಕ ಬಂದ.

"ಸಾಕ ಬಿಡೋ, ಊಟದ ವ್ಯಾಳ್ಯಾ ಆತು," ಎಂದ ಮಹಾದೇವ.

"ತಡಿಯಲೇ, ಇನ್ನೂ ನಾ ಬಂದಿಲ್ಲ ಫೋಟೋದಾಗ," ಎಂದು ಚನ್ನಬಸವಣ್ಣ ಒತ್ತಿದ.

ಬಿಳಿ ಚುಕ್ಕೆ ಗೋಡೆಯಷ್ಟಗಲ ಟಿವಿಯ ನಡುವೆ ಬಂದು ನಿಂತಿತು.

"ಇದೇನೋ ಮಾರಾಯಾ, ಬೆಳ್ಳಕ್ಕಿ? ಮಾಗಡಿ ಕೆರಿ ಹಕ್ಕಿ ನಿನ್ನ ಬೆನ್ನ ಹತ್ತಿ ಚೀನಾಕ್ಕೂ ಬಂದಾವಲ್ಲ."

"ಹೂಂ. ಹಕ್ಕಿ," ಎಂದ ಮಹಾದೇವ.

ಗುರುಸಿದ್ದವ್ವ ಕುರ್ಚಿಯಿಂದ ಮುಂದೆ ಬಾಗಿದಳು. "ರೆಕ್ಕಿ ಕಾಣವಲ್ವಲ್ಲ."

"ದೂರ ಐತಬೇ."

ಚನ್ನಬಸವಣ್ಣ ಮುಂದಿನದನ್ನು ಒತ್ತಿದ. ಅದರಲ್ಲಿ ಅವನೇ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿದ್ದ. ಎಲ್ಲರೂ ನಕ್ಕರು. ಮಹಾದೇವನೂ ನಕ್ಕ.

ಹನ್ನೊಂದೂವರೆಗೆ ಗುರುಸಿದ್ದವ್ವ ಎದ್ದು ಮಣೆಯ ಮೇಲೆ ಕೂತಳು. ಗುಳಿಗೆ ನುಂಗಿ ಆಗಲೇ ಅರ್ಧ ತಾಸು. ಅತಿಥಿ ಇದ್ದಾನೆಂದು ಸುನಿತಾ ಈ ದಿನ ಮೊದಲೇ ತಾಟು ಹಾಕಿದ್ದಳು. ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು.

"ಪೂಜಿ ಆತೇನಪಾ?"

ಶ್ರಾವಣದಲ್ಲಿ ಒಮ್ಮೆ ಊಟ ತಡವಾಗಿ ಅವಳು ಕಣ್ಣಿಗೆ ಕತ್ತಲೆ ಬಂದು ಬಿದ್ದಿದ್ದಳು. ಗುಳಿಗೆ ನುಂಗಿದ ಮೇಲೆ ಹೊಟ್ಟೆ ಖಾಲಿ ಬಿಡಬೇಡಿರೆಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ಒಂದು ಮಾತು ಅಂದರೆ ಅವಳು ಉಣ್ಣುತ್ತಾಳೆ. ಖರೆ ಹೇಳಿದರೆ ಉಣ್ಣುವುದಿಲ್ಲ. ಮಹಾದೇವ ತಾಯಿಯ ಕೈ ನೋಡಿದ. ರೊಟ್ಟಿಯ ಅಂಚಿನ ಮೇಲೆ ಬೆರಳಿಟ್ಟು, ಮುರಿಯದೆ ಅವನ ಮಾತಿಗೆ ಕಾಯುತ್ತಿತ್ತು.

"ಇಲ್ಲಬೇ," ಎಂದ. "ಅದು ಹಕ್ಕಿ ಅಲ್ಲ. ನನ್ನ ಲಿಂಗ. ಹೊಳಿಗಿ ಬಿತ್ತು."

ಸುನಿತಾ ಬಾಯಿಗೆ ಸೆರಗು ಹಚ್ಚಿದಳು. ಚನ್ನಬಸವಣ್ಣ ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟ.

"ಬೀಳೂವಾಗ ಹಿಡೀಲಿಲ್ಲೇನು?" ಗುರುಸಿದ್ದವ್ವನ ದನಿ ಏರಲಿಲ್ಲ.

"ಹಿಡಿದೆ."

"ಕೈಯಾಗ ಏನ್ ಉಳೀತು?"

"ಕ್ಯಾಮರಾ."

ಅವಳು ರೊಟ್ಟಿಯ ಮೇಲಿಂದ ಬೆರಳು ತೆಗೆದಳು. "ಎಷ್ಟ ದಿವಸ ಆತು?"

"ಇವತ್ತಿಗೆ ಇಪ್ಪತ್ಮೂರು."

"ಇಪ್ಪತ್ಮೂರ ದಿವಸ ನಾ ಉಂಡೆ." ತಾಟಿಗೆ ಹೇಳಿದಂತೆ ಹೇಳಿ, ಅದನ್ನು ಎರಡು ಬೆರಳಿನಿಂದ ಮುಂದಕ್ಕೆ ಸರಿಸಿದಳು. "ಹೊಂಬಳಕ್ಕ ಹೋಗು, ಅಯ್ಯನವರ ಕಡೆ ಲಿಂಗಾ ಕಟ್ಟಿಸ್ಕೊಂಡು ಪೂಜಿ ಮಾಡು. ನಾ ಕುಂತಿರ್ತೀನಿ."

"ಅತ್ತಿ, ಗುಳಿಗಿ ನುಂಗೀರಿ. ಒಂದ ಚಮಚ ಸಕ್ರಿಯರ ಬಾಯಾಗ ಹಾಕ್ಕೋರಿ," ಎಂದಳು ಸುನಿತಾ.

"ತಗದಿಡು."

ಚನ್ನಬಸವಣ್ಣನ ಕಾರು ಊರು ದಾಟಿತು. ದಾರಿಯ ತುಂಬ ಹತ್ತಿ ಹೇರಿದ ಟ್ರ್ಯಾಕ್ಟರುಗಳು. ಒಂದನ್ನು ಹಿಂದೆ ಹಾಕಿದರೆ ಮುಂದೆ ಮತ್ತೊಂದು. ಹೊಂಬಳ ಇನ್ನೂ ದೂರವಿರುವಾಗ ಸುನಿತಾಳ ಫೋನು ಬಂತು.

"ಅತ್ತಿ ಮೈ ಎಲ್ಲಾ ಬೆವರಾಕ ಹತ್ತೇತ್ರಿ. ಕೈ ನಡಗ್ತಾವ. ಸಕ್ರಿ ಮುಟ್ಟವಲ್ರು. ನೀವರ ಹೇಳ್ರಿ."

ಫೋನು ತಾಯಿಯ ಕಿವಿಗೆ ಹೋಯಿತು. ಅವಳ ಉಸಿರು ಕೇಳಿಸುತ್ತಿತ್ತು. ಇಪ್ಪತ್ಮೂರು ದಿನ ಆಡಿ ಆಡಿ ನುಣುಪಾದ ಮಾತು ತಾನಾಗಿಯೇ ನಾಲಿಗೆಯ ತುದಿಗೆ ಬಂದು ನಿಂತಿತು. ಆತಬೇ ಎಂದರೆ ಸಾಕು, ಅವಳು ಉಳಿಯುತ್ತಾಳೆ.

"ಹೇಳಲೇ, ಆತು ಅಂತ ಹೇಳಿಬಿಡು," ಎಂದು ಚನ್ನಬಸವಣ್ಣ ಪಿಸುಗುಟ್ಟಿದ.

"ಇನ್ನೂ ಇಲ್ಲಬೇ," ಎಂದ ಮಹಾದೇವ. "ಹಾದ್ಯಾಗ ಅದೀನಿ."

"ಹೂಂ," ಎಂದಳು ಗುರುಸಿದ್ದವ್ವ.

ಅಯ್ಯನವರು ಅಂಗಳದಲ್ಲಿ ಶೇಂಗಾ ಹರವುತ್ತಿದ್ದರು. ನಿಂತ ಕಾಲಲ್ಲೇ ಎಲ್ಲ ಕೇಳಿದರು. ತೊಟ್ಟಿಯಿಂದ ನಾಲ್ಕು ಕೊಡ ನೀರು ಮಹಾದೇವನ ತಲೆಯ ಮೇಲೆ ಸುರಿದರು. ಕೊರಳಿನ ಅಡಿಕೆ ಬಿಚ್ಚಿ ಶೇಂಗಾದ ಪಕ್ಕಕ್ಕೆ ಇಟ್ಟರು. ಹಣೆಗೆ ವಿಭೂತಿ ಹಚ್ಚಿ, ಕಿವಿಯಲ್ಲಿ ಮಂತ್ರ ಹೇಳಿ, ಎಡಗೈ ಮೇಲೆ ಲಿಂಗ ಇಟ್ಟರು. ಮಹಾದೇವ ಹಸಿ ಮೈಯಲ್ಲೇ ಕೂತು ನೀರೆರೆದ, ಪತ್ರಿ ಏರಿಸಿದ. ಪತ್ರಿ ಎರಡು ಸಲ ಕೆಳಗೆ ಬಿತ್ತು.

"ಕಾಲ ತಾಸಿನ ಕೆಲಸ ಇದು," ಎಂದರು ಅಯ್ಯನವರು, ದಾರಕ್ಕೆ ಗಂಟು ಹಾಕುತ್ತ. "ಬಂದ ದಿವಸನ ಬರಬೇಕಿಲ್ಲೇನೋ?"

ಅವನು ಮನೆಗೆ ಫೋನು ಹಚ್ಚಿದ.

"ಬೇ, ಪೂಜಿ ಆತು. ಉಣ್ಣು."

ಆಚೆಯಿಂದ ಸದ್ದಿಲ್ಲ. "ಬೇ, ಕೇಳಸ್ತೇನು?"

"ಕೇಳಸ್ತು." ಮಾತು ಬಾಯಲ್ಲೇ ತೊದಲುತ್ತಿತ್ತು. "ಅಯ್ಯನವರ ಕಡೆ ಕೊಡು ಫೋನು."

ಕೊಟ್ಟ. ಅಯ್ಯನವರು ಬೆನ್ನು ತಿರುಗಿಸಿ ಎರಡು ಮಾತಾಡಿದರು. "ಹೌದವ್ವಾ, ನನ್ನ ಎದರಿಗೇ ಆತು," ಎಂದದ್ದು ಕೇಳಿಸಿತು. ಆಮೇಲೆ ಅವರು ಸುಮ್ಮನೆ ನಿಂತು ಕಿವಿಗೊಟ್ಟರು. ಅಷ್ಟು ಹೊತ್ತು ಮಹಾದೇವ ಅವರ ಮುಖವನ್ನೇ ನೋಡುತ್ತ, ಹೊಸ ದಾರವನ್ನು ಮುಷ್ಟಿಯಲ್ಲಿ ಹಿಡಿದು ನಿಂತ.

"ಸಕ್ರಿ ತಿಂದ್ಲಂತ," ಎಂದು ಅಯ್ಯನವರು ಫೋನು ಹಿಂದಕ್ಕೆ ಕೊಟ್ಟರು. "ತಾಟ ಎಳಕೊಂಡ್ಲಂತ."

"ನನಗೇನರ ಅಂದ್ಲೇನ್ರಿ?"

"ಇಲ್ಲಪಾ," ಎಂದು ಅವರು ಶೇಂಗಾ ಹರವಲು ಬಾಗಿದರು.